ಎರಡು ಗುಂಡಿ

ಜಿಬೂಟಿಯ ಬಂದರಿಗೆ ಆಚೆ ಒಂದು ಮುಳ್ಳುಬೇಲಿ, ಈಚೆ ಇನ್ನೊಂದು.
ಎರಡು ಸೈನ್ಯಗಳ ಬೆವರೂ
ಬಲ್ಬಲಾದ ಫಿಲ್ಸನ್‌ಳ ಬಾನಿಗೆ ಬರುತ್ತದೆ.

ಮೊದಲು ಜೇಬು ತಡವುತ್ತಾಳೆ:
ಅರ್ಧ ಚೂಯಿಂಗ್ ಗಮ್ಮು,
ಹಲ್ಲು ಬಿದ್ದ ಹುಡುಗಿಯೊಬ್ಬಳ ಫೋಟೊ.
ಯಾರದು ಯಾವುದೆಂದು
ನೊರೆ ಕೇಳುವುದಿಲ್ಲ.

ರೇಡಿಯೊ ಹೇಳುತ್ತದೆ:
ಈ ಪ್ರದೇಶದ ಸಮತೋಲ ಕೆಟ್ಟಿಲ್ಲ.
ಇವಳು ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುತ್ತಾಳೆ.

ಮಧ್ಯಾಹ್ನ ಮರಳುಗಾಳಿ.
ತೋಳಿಗೆ ತೋಳು ಹೆಣೆದುಕೊಂಡವು ಅಂಗಿಗಳು,
ಕುಸ್ತಿಯೋ ಅಪ್ಪುಗೆಯೋ,
ಬಿಡಿಸಲು ಜಗ್ಗಿದರೆ
ಟಪ್, ಟಪ್—
ಹಾರಿದವು ಎರಡು ಗುಂಡಿ.

ರಾತ್ರಿ ಕರೆಂಟಿಲ್ಲ. ಮೊಬೈಲಿನ ಬೆಳಕಿನಲ್ಲಿ
ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕಿದ್ದಕ್ಕೆ ಹೊಲಿದಳು.

ನಾಲ್ಕು ದಿನವಾಯಿತು.
ಅದಲುಬದಲಾದ ಗುಂಡಿಗಳನ್ನು ಹಾಕಿಕೊಂಡೇ
ಎರಡೂ ಕಡೆ ಕವಾಯತು ನಡೆದಿದೆ.

ನೀರಿನ ಲಾರಿ
ಇವತ್ತೂ ಬಂದಿಲ್ಲ.