ವಿವರ ನಾಲ್ಕನೇ ಪುಟದಲ್ಲಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎದುರು
ಏಜೆಂಟರ ಅಂಗಡಿಗೆ ಒರಗಿಸಿದ ಕರಿಹಲಗೆ.
ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು
ದಿನವೂ ಮಧ್ಯಾಹ್ನ ಮೂರಕ್ಕೆ ನಾನು ಬರೆಯುತ್ತಿದ್ದುದು
ಅರ್ಧ ವಾಕ್ಯ.

"ಪೂರ್ತಿ ಬಡಿಸ್ಬೇಡಪ್ಪ" ಎನ್ನುತ್ತಿದ್ದರು
ಸಂಪಾದಕ ವೆಂಕಟರೋಣಪ್ಪನವರು,
ಬೋಂಡದ ಎಣ್ಣೆ ಪ್ರೂಫಿಗೆ ಒರೆಸುತ್ತ.
"ಕಡ್ಲೆಕಾಯಿಯವನು ರುಚಿಗೆ ಎರಡು ಕೊಡ್ತಾನೆ,
ಸೇರು ಸುರೀತಾನಾ?
ರೀಲರನ್ನ ನೋಡು,
ಬಿಸಿನೀರಲ್ಲಿ ಗೂಡಿನ ಎಳೆಯ ತುದಿ ಸಿಕ್ಕರೆ ಸಾಕು,
ಮಿಕ್ಕಿದ್ದು ತಾನೇ ಬಿಚ್ಕೊಂಡು ಬರುತ್ತೆ."

ತುದಿ ಹುಡುಕುವುದರಲ್ಲಿ ಪಳಗಿದೆ.
'ಪುರಸಭೆ ಬಾವಿಯಲ್ಲಿ ಸಿಕ್ಕಿದ್ದು ———'
ಒಂದು ಸೈಕಲ್ಲು.
'ತಾಲ್ಲೂಕು ಆಫೀಸಿಗೆ ನುಗ್ಗಿದ್ದು ———'
ಯಾರದೋ ಕರು.
ಕೊನೆಗೊಂದು ಉದ್ದ ಗೆರೆ, ಗೆರೆಯ ಕೆಳಗೆ
ವಿವರ ನಾಲ್ಕನೇ ಪುಟದಲ್ಲಿ.
'ಗೂಡು ಸಮಾಚಾರ', ಬೆಲೆ ಎರಡು ರೂಪಾಯಿ.

ಅಮೀರ್ ಜಾನ್ ಸಾಬರು ಮಾತ್ರ ಕೊಳ್ಳುತ್ತಿರಲಿಲ್ಲ.
ಬೀಡಿ ಹಚ್ಚಿ, ಹಲಗೆಯನ್ನು ಗಟ್ಟಿಯಾಗಿ ಓದಿ,
ಗೆರೆಯಾಚೆಯದನ್ನು ತಾವೇ ಹೇಳಿ ಮುಗಿಸುತ್ತಿದ್ದರು.
ನಿಜ ಹೇಳಬೇಕೆಂದರೆ
ನಮ್ಮ ಸುದ್ದಿಗಿಂತ ಅದೇ ಚೆನ್ನಾಗಿರುತ್ತಿತ್ತು.

ಆ ಗುರುವಾರ ಬರೆದೆ:
'ದಿಬ್ಬೂರಹಳ್ಳಿ ಬಸ್ಸು ———'

ಸೀಮೆಸುಣ್ಣ ಕೊಡವಿ ಏಳುವಷ್ಟರಲ್ಲಿ
ನಾರೆಮ್ಮ ನಿಂತಿದ್ದಳು,
ಫಿಲೇಚರಿನ ಬಾಣಲೆ ಬಿಟ್ಟು ಎದ್ದು ಬಂದವಳು,
ಬೆರಳೆಲ್ಲ ಬೆಂದು ಬೆಳ್ಳಗೆ ಸುಕ್ಕು.
ಓದು ಬಾರದು. ಯಾರೋ ಓದಿ ಹೇಳಿದ್ದರು,
ನಾನು ಬರೆದಷ್ಟನ್ನೇ.
"ಏಮಾಯೆ ಬಿಡ್ಡಾ?"
ಮಗಳು ಕಾಲೇಜಿಗೆ ಹೋಗಿಬರುವುದು ಆ ಬಸ್ಸಲ್ಲೇ.
ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ತೆಗೆಯಲು
ಆ ಬೆರಳುಗಳಿಗೆ ಆಗುತ್ತಿರಲಿಲ್ಲ.

ನಾಲ್ಕನೇ ಪುಟದಲ್ಲಿ ಇದ್ದುದು ಇಷ್ಟು:
ಸೋಮವಾರದಿಂದ ಸಂಜೆಗೆ ಇನ್ನೊಂದು ಟ್ರಿಪ್ಪು.

ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ.
ಅಂಗಡಿ ಮೆಟ್ಟಿಲ ಮೇಲೆ ಕೂತಳು
ಐದೂಕಾಲಿನ ಬಸ್ಸು ಬಂದು
ಹುಡುಗಿ ಇಳಿಯುವ ತನಕ.
ಅಮೀರ್ ಜಾನ್ ಸಾಬರೂ ಅವತ್ತು ಏನೂ ಸೇರಿಸಲಿಲ್ಲ.
ಕೈಯಲ್ಲಿ ಬೀಡಿ ಆರಿತ್ತು.

ಮಾರನೆಯ ದಿನ ಬರೆದೆ:
'ದಿಬ್ಬೂರಹಳ್ಳಿಗೆ ಸಂಜೆ ಹೆಚ್ಚುವರಿ ಬಸ್ಸು.
ಎಷ್ಟು ಗಂಟೆಗೆ, ಎಲ್ಲೆಲ್ಲಿ ನಿಲ್ಲುತ್ತೆ, ನಾಲ್ಕನೇ ಪುಟ ನೋಡಿ.'
ಕೆಲವರು ಹಲಗೆ ಓದಿ, ತಲೆಯಾಡಿಸಿ, ಹೊರಟೇ ಹೋದರು.

ನಲವತ್ತು ಪ್ರತಿ ಕಮ್ಮಿ ಆಯ್ತು ಅಂತ
ವೆಂಕಟರೋಣಪ್ಪನವರು ಶನಿವಾರ ಶನಿವಾರ ಲೆಕ್ಕ ತೋರಿಸುತ್ತಾರೆ.
ತಲೆ ತಗ್ಗಿಸಿ ಕೇಳುತ್ತೇನೆ.

ಕರುವಿಗೆ ಇನ್ನೂ ಗೆರೆ ಎಳೆಯುತ್ತೇನೆ, ಸುಳ್ಳೇಕೆ.
ಬಸ್ಸಿಗೆ ಎಳೆಯುವುದಿಲ್ಲ.
ಬಾವಿಗೂ.