ನಾಲ್ಕನೇ ಸೀಟು

ಡೊಂಬಿವಲಿಯಿಂದಲೇ ಹೊರಡುವ ಎಂಟು ಹನ್ನೆರಡರ ಸ್ಲೋ ಗಾಡಿ.
ಮೂವರ ಬೆಂಚಿನ ತುದಿಗೆ ಅರ್ಧ ಅಂಡಿನಷ್ಟು ಜಾಗ.
ವಾರಿಜಕ್ಕ ಅಲ್ಲಿ ಕರ್ಚೀಫು ಹಾಸುತ್ತಿದ್ದರು,
'ಅವನಿಗೆ' ಎಂದು.
ದಿವಾ ಬರುವ ತನಕ, ಏಳೇ ನಿಮಿಷ.
ಆಮೇಲೆ ಜನ ನುಗ್ಗಿದರೆ ಕರ್ಚೀಫು ಮಡಿಚಿ
'ಇಳಿದುಹೋದ' ಅನ್ನುವರು, ನಗುವರು.

ಅವರ ಭಜನೆಗೆ ನಾನು ತಾಳ ಹಾಕಿದ್ದುಂಟು,
ಬಾಯಿಬಿಟ್ಟವಳಲ್ಲ.
'ನಂಬಿಕೆಯಿಲ್ಲ ಅಕ್ಕಾ' ಅಂದರೆ
'ನಂಬು ಅಂದವರಾರು ಮಾರಾಯ್ತಿ? ಸ್ವಲ್ಪ ಸರಿ.'

ಜೂನ್‌ನಲ್ಲಿ ಅವರು ರಿಟೈರಾದರು.
ನನ್ನ ಹತ್ತಿರ ಕರ್ಚೀಫಿಲ್ಲ. ಇದ್ದರೂ ಹಾಸುವವಳಲ್ಲ.
ಆದರೂ ಕೂತ ಕೂಡಲೆ ಮೊಣಕಾಲು
ತಾನಾಗಿ ಒಳಕ್ಕೆ ಸರಿಯುತ್ತದೆ,
ಶೇವಂತಿಬಾಯಿಯ ಪಕ್ಕೆಗೆ ಒತ್ತಿ, ದಿನಾ ಬೈಸಿಕೊಂಡು.

ಇವತ್ತು ಕೋಪರಿನಲ್ಲೇ ಒಬ್ಬಳು ಹತ್ತಿದಳು,
ಬಗಲಲ್ಲಿ ಟಿಫಿನ್ನು, ಹಲ್ಲಿನ ನಡುವೆ ಹೇರ್‌ಪಿನ್ನು.
ಖಾಲಿ ತುದಿ ನೋಡಿ ಕೇಳಿದಳು:
'ಇಲ್ಲಿ ಯಾರಾದರೂ ಇದ್ದಾರಾ?'

ಕಾಲೇಜಿನ ದಿನದಿಂದ ಸಿದ್ಧವಿದ್ದ ಉತ್ತರ
ನಾಲಗೆಯ ತುದಿಗೆ ಬಂದು ನಿಂತಿತು.
ಬೋಗಿ ಅಲುಗಿತು. ಅವಳು ಮೇಲಿನ ಹಿಡಿಕೆ ಹಿಡಿದು
ಕಾಯುತ್ತಲೇ ಇದ್ದಳು.

'ದಿವಾ ತನಕ' ಅಂದೆ.