ಬೆರಳುದ್ದದ ಪೈಪು

ಹುಣಸೇನಹಳ್ಳಿಯಾಚೆ ಏರಿನಲ್ಲಿ ಕಾರು ದಮ್ಮು ಕಳೆದುಕೊಂಡಿತು.
ಹಿಂದಿನ ಸೀಟು ಮಡಚಿ ತುಂಬಿದ ಮೂರು ಚೀಲ ಗೂಡು,
ಬೆಳಿಗ್ಗೆ ಶಿಡ್ಲಘಟ್ಟದ ಹರಾಜಿನಲ್ಲಿ ಹಿಡಿದದ್ದು.
ಮೀಟರಿನಲ್ಲಿ ಹಳದಿ ದೀಪ. ಎಷ್ಟು ತುಳಿದರೂ ಅದೇ ಕುಂಟು.
ಹುಲ್ಲಿನ ಹೊರೆ ಹೇರಿದ ಮೊಪೆಡ್ಡೊಂದು ನನ್ನನ್ನು ದಾಟಿತು;
ಅದರ ಹೆಂಗಸು ತಿರುಗಿಯೂ ನೋಡಲಿಲ್ಲ.

ಚಿಂತಾಮಣಿಯಲ್ಲಿ ಗೌಸ್‌ಪೀರ್ ಬಾನೆಟ್ಟು ಎತ್ತಿದ.
"ಶಕ್ತಿ ಸಾಲ್ತಿಲ್ಲ, ಟರ್ಬೋ ಹೋಗಿದೆ" ಅಂದೆ.
"ಸಾಲದೆ ಅಲ್ಲ ಸಾರ್, ಜಾಸ್ತಿಯಾಗಿ."

ಗ್ರೀಸಿನ ಬೆರಳಲ್ಲಿ ತೋರಿಸುತ್ತ ಹೋದ:
ಹೊಗೆಯ ದಾರಿಯಲ್ಲೊಂದು ಚಕ್ರ,
ಅದೇ ಕಡಾಣಿಯ ಆಚೆ ತುದಿಗೆ ಗಾಳಿ ತುರುಕುವ ಚಕ್ರ.
ಗಾಳಿ ಹೆಚ್ಚಿದರೆ ಬೆಂಕಿ ಹೆಚ್ಚು, ಬೆಂಕಿಗೆ ಹೊಗೆ ಹೆಚ್ಚು,
ಹೊಗೆಗೆ ಚಕ್ರ ಇನ್ನೂ ಜೋರು.
"ಇದು ಎಲ್ಲಿ ನಿಲ್ಲಬೇಕು, ಹೇಳಿ?"

ನಿಲ್ಲಿಸುವುದು ಎಂಟಾಣೆಯಗಲದ ಒಂದು ಬಾಗಿಲು.
ಸ್ಪ್ರಿಂಗು ಅದನ್ನು ಮುಚ್ಚಿ ಹಿಡಿದಿರುತ್ತದೆ.
ಒತ್ತಡ ಮಿತಿ ಮುಟ್ಟಿದಾಗ ಡಬ್ಬಿಯೊಳಗಿನ ರಬ್ಬರು ಉಬ್ಬಿ
ಕಡ್ಡಿಯನ್ನು ನೂಕುತ್ತದೆ, ಬಾಗಿಲು ಚೂರು ಸರಿಯುತ್ತದೆ,
ಮಿಕ್ಕ ಹೊಗೆ ಚಕ್ರ ಮುಟ್ಟದೆ ಮಗ್ಗುಲಲ್ಲಿ ಹೋಗುತ್ತದೆ.
"ಕುಕ್ಕರಿನ ವಿಷಲ್ಲಿನ ಹಾಗೆ."
"ಊಹೂಂ. ಕುಕ್ಕರು ಆವೀನೇ ಹೊರಗೆ ಬಿಡುತ್ತೆ.
ಇದು ತುಂಬೋ ಕೈಯನ್ನ ಸಡಿಲ ಮಾಡುತ್ತೆ, ಅಷ್ಟೆ."

ಡಬ್ಬಿಗೆ ಒತ್ತಡದ ಸುದ್ದಿ ಒಯ್ಯುವ ಪೈಪು ಬೆರಳುದ್ದ.
ಇಲಿ ಕಚ್ಚಿತ್ತು. ಹಲ್ಲಿನ ಗುರುತು ಹೊಲಿಗೆಯ ಹಾಗೆ ಸಾಲಾಗಿ.
ಸುದ್ದಿ ಮುಟ್ಟದ ಬಾಗಿಲು ಮುಚ್ಚಿಯೇ ಇತ್ತು;
ಏರಿ ಏರಿ, ಕೊನೆಗೆ ಕಂಪ್ಯೂಟರು ಹೆದರಿ
ಡೀಸೆಲ್ಲು ಹಿಡಿದುಬಿಟ್ಟಿತ್ತು.

ನನ್ನ ಕಸುಬಿನಲ್ಲಿ ಬಾಗಿಲೆಂದರೆ ನಷ್ಟ.
ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ನೂಲು ಹೋಯಿತು.
ಬಿಸಿನೀರು, ಮುಚ್ಚಳ, ಬೇಗ ಬೇಗ: ನನಗೆ ಗೊತ್ತಿರುವುದು ಇಷ್ಟೇ.

"ಆ ಕಡ್ಡಿಯ ನಟ್ಟು ಎರಡು ಸುತ್ತು ಬಿಗಿದರೆ
ಇನ್ನೂ ಎಳೆಯುತ್ತಂತಲ್ಲ?" ಕೇಳಿದೆ.
ಅವನು ಉತ್ತರ ಹೇಳಲಿಲ್ಲ.
ಮೇಜಿನ ಮೇಲೆ ಪೆನ್ನು ಚುಚ್ಚಿಟ್ಟಿದ್ದ ಹಳೇ ಪಿಸ್ಟನ್ನು
ನನ್ನ ಕಡೆ ತಿರುಗಿಸಿದ.
ಪೆನ್ನು ನಿಂತದ್ದು ಸುಟ್ಟು ಬಿದ್ದ ತೂತಿನಲ್ಲಿ.

ಪೈಪಿಗೆ ನಲವತ್ತು, ಕೈಕೂಲಿ ನೂರು.
ಚಿಲ್ಲರೆ ತರಲು ಹುಡುಗ ಹೋದಾಗ ಲೆಕ್ಕ ಹಾಕಿದೆ:
ಮುನಿಲಕ್ಷ್ಮಿ ನನಗೆ ಏನನ್ನೂ ಹೇಳದೆ ಮೂರು ತಿಂಗಳು.
ನಾನು ಕೂಗುತ್ತೇನೆಂದು. ಕೂಗುತ್ತೇನೆ.
ಫೋನು ಮಾಡಿದೆ. "ಏನಾದರೂ ಇದ್ದರೆ ಹೇಳು" ಅಂದೆ.
ಆ ಕಡೆ ತುಂಬ ಹೊತ್ತು
ರೀಲಿಂಗ್ ಮಿಷನ್ನಿನ ಸದ್ದೊಂದೇ.
ನಾನು ಕಟ್ ಮಾಡಲಿಲ್ಲ.